ಅತ್ತೆಗೂ ಧಾರಾವಾಹಿಗೂ ಜಗಳ

ಟಿವಿ ನೋಡಲು ಕಣ್ಣು ಸಾಕು ಎಂದುಕೊಂಡವರು ಗಜೇಂದ್ರಗಡಕ್ಕೆ ಬಂದು ನನ್ನ ಸೋದರತ್ತೆಯನ್ನು ನೋಡಬೇಕು. ಅವಳು ಟಿವಿಯನ್ನು ಬಾಯಿಂದ ನೋಡುತ್ತಾಳೆ!

ಪಡಸಾಲೆಯಲ್ಲಿ ಟಿವಿ, ಒಳಕೋಣೆಯಲ್ಲಿ ಮಗ್ಗ. ಅಲ್ಲಿ ಕೂತು ಸೀರೆ ನೇಯುವವನು ಅವಳ ಮಗ. ನಶೆ ಗುಳಿಗೆಯ ಚಟಕ್ಕೆ ಬಿದ್ದು, ದವಾಖಾನೆ ಸೇರಿ, ಎದ್ದು ಬಂದವನು. ಇಡೀ ಓಣಿಗೆ ಗೊತ್ತಿರುವ ಸಂಗತಿ, ಅತ್ತೆಯೂ ಮುಚ್ಚಿಟ್ಟಿಲ್ಲ. ಮಗ್ಗದ ಖಟಪಟದಲ್ಲಿ ಮಾತು ಕೇಳಿಸದೆ ನಾನೊಮ್ಮೆ, "ಧಾರಾವಾಹಿ ಮುಗಿಯೂತನಕ ಮಗ್ಗ ನಿಲ್ಲಿಸಿದ್ರಾತು" ಅಂದೆ.

"ಮಗ್ಗ ನಿಲ್ಲಂಗಿಲ್ಲ. ಬೇಕಾದ್ರ ಟಿವಿ ಜೋರ ಮಾಡ್ಕೋ" ಎಂದಳು.

ಈಗ ಅವಳು ಕಾದಾಡುತ್ತಿರುವುದು ನಶೆಯ ಕಥೆಯಿರುವ ಧಾರಾವಾಹಿಯ ಜೊತೆ. ಅದರ ನಾಯಕ ಪಾರ್ಟಿಯೊಂದರಲ್ಲಿ ಚಿಟಿಕೆ ಬಿಳಿ ಪುಡಿ ಮೂಗಿಗೇರಿಸಿದ. ಜಾಹೀರಾತು ಮುಗಿಯುವಷ್ಟರಲ್ಲಿ ಕಣ್ಣು ಕೆಂಪಾಗಿ, ಕನ್ನಡಿ ಒಡೆದು, ಅಪ್ಪನ ಕೊರಳಪಟ್ಟಿ ಹಿಡಿದಿದ್ದ.

"ಇಷ್ಟ ಲಗೂ ಏನೂ ಆಗಂಗಿಲ್ಲೋ" ಎಂದು ಅತ್ತೆ ಅವನನ್ನೇ ಗದರಿದಳು. "ಮದಲ ಭಾಳ ದಿನ ಚಲೋನ ಇರ್ತಾನ. ನಕ್ಕೋತ ಉಣ್ತಾನ. ಅದಕ್ಕ ಹಡದಾಕಿಗೂ ಗೊತ್ತಾಗಂಗಿಲ್ಲ."

ಮುಂದಿನ ವಾರ ನಾಯಕಿಯ ಒಂದು ಹನಿ ಕಣ್ಣೀರು ಅವನ ಹಣೆಯ ಮೇಲೆ ಬಿತ್ತು. ಗಂಟೆಗಳು ಮೊಳಗಿದವು, ಚಟ ಬಿಟ್ಟೇಹೋಯಿತು! ನೋಡಲು ಬಂದಿದ್ದ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಣ್ಣೀರಿಗೆ ಬಿಡೂ ಹಂಗಿದ್ರ ನಂದ ಸಾಲತಿರಲಿಲ್ಲೇನ?" ಎಂದಳು ಅತ್ತೆ. "ದವಾಖಾನಿಗೆ ಯಾಕ ಅಡ್ಡಾಡ್ತಿದ್ದೆ?"

ಮೊನ್ನೆ ಸಂಜೆ ಆ ನಾಯಕ ಮತ್ತೆ ಪುಡಿ ಮುಟ್ಟಿದ. ಧಾರಾವಾಹಿಯ ಡಾಕ್ಟರು ಕನ್ನಡಕ ತೆಗೆದು, "ಇಂಥವರು ಎಂದಿಗೂ ಸುಧಾರಿಸುವುದಿಲ್ಲ" ಎಂದು ತೀರ್ಪು ಕೊಟ್ಟರು. "ಖರೇ ಐತ್ರಿ" ಎಂದಳು ಪಕ್ಕದ ಮನೆಯಾಕೆ.

ಒಳಗೆ ಮಗ್ಗ ನಿಂತಿತು.

ಅತ್ತೆ ಎದ್ದು ಟಿವಿಗೆ ಅಡ್ಡ ನಿಂತಳು. "ಸುಳ್ಳ! ಬಿದ್ದಾಂವ ಏಳ್ತಾನ. ನನ್ನ ಮಗ ಎದ್ದಾನ. ನಾಳೆ ಮತ್ತ ಬಿದ್ರೂ ನಾ ಎಬ್ಬಸ್ತೀನಿ. ಬ್ಯಾಡ ಅನ್ನಾಕ ಇವ ಯಾವ ಡಾಕ್ಟರ?"

ಪಕ್ಕದ ಮನೆಯಾಕೆ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದಳು. ನಾನು ನಗುತ್ತಾ, "ಅತ್ತಿ, ನೀ ಒದರೂದು ಟಿವಿಗೆ ಕೇಳಸ್ತೈತೇನ?" ಎಂದೆ.

"ಟಿವಿಗೆ ಯಾರ ಒದರ್ತಾರೋ?" ಎಂದಳು. ಅವಳ ಕಿವಿ ಮಾತ್ರ ಒಳಕೋಣೆಯ ಕಡೆಗಿತ್ತು.

ನನ್ನ ನಗು ಅಲ್ಲಿಗೇ ನಿಂತಿತು. ಇಷ್ಟು ದಿನ ಅವಳು ಕೂಗಿದ್ದೆಲ್ಲ ಗೋಡೆಯಾಚೆ ಕೂತವನಿಗೆ ಎಂದು ಆಗ ತಿಳಿದು ಕಣ್ಣು ತುಂಬಿಬಂತು. ಸ್ವಲ್ಪ ಹೊತ್ತಿಗೆ ಖಟಪಟ ಮತ್ತೆ ಶುರುವಾಯಿತು. ಆಮೇಲೆಯೇ ಅತ್ತೆ ಕೂತದ್ದು.