ಡೆಲ್ಬರ್ಟ್ ಬಿಚ್ಚಿದ ಚಾಕು

ಕೋಳಿ ಆಹಾರದ ಚೀಲದ ದಾರವನ್ನು ಡೆಲ್ಬರ್ಟ್ ತನ್ನ ಅಂಗಡಿಯ ಬಾಗಿಲಲ್ಲಿ ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದುದನ್ನು ಅವನ ಮಾವನವರು ನೋಡಿಬಿಟ್ಟರು. ಆದದ್ದು ಇಷ್ಟೇ. ಬೇರೆ ಊರಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ. ಆದರೆ ಟೆನೆಸಿಯ ಕಾಪರ್ ಫೋರ್ಕ್‌ನಲ್ಲಿ ಗಂಡಸಾದವನು ಟೋಪಿ ಮರೆತಾನು, ಹಲ್ಲಿನ ಸೆಟ್ಟು ಮರೆತಾನು, ಜೇಬಿನ ಚಾಕು ಮಾತ್ರ ಮರೆಯುವುದಿಲ್ಲ.

“ಏನಯ್ಯಾ ಅಳಿಯ, ಚೀಲ ಬಿಚ್ತಿದ್ದೀಯೋ, ತಿಂತಿದ್ದೀಯೋ?” ಅಂದರು ಹಾಯ್ಟ್ ಮಾವ.

ಅವರಿಗೆ ಅವತ್ತು ಎಂಬತ್ತು ತುಂಬಿತ್ತು. ಸಂಜೆ ಅವರ ಮನೆಯಲ್ಲೇ ಹುಟ್ಟುಹಬ್ಬದ ಊಟ. ಹಂದಿಯ ತೊಡೆ ಮೇಜಿಗೆ ಬಂದಾಗ ಅದನ್ನು ಕೊಯ್ಯಲು ಅವರು ಯಾರಾದರೊಬ್ಬನ ಕಡೆ ಕೈ ಚಾಚಿ “ನಿನ್ನ ಚಾಕು ಕೊಡಯ್ಯ” ಅನ್ನುವುದು ರೂಢಿ. ಹಾಗೆ ಕೇಳಿಸಿಕೊಂಡವನನ್ನು ಮುಂದಿನ ಹುಟ್ಟುಹಬ್ಬದವರೆಗೆ ಊರಲ್ಲಿ ಹಿಡಿಯುವವರಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಆ ಕೈ ಡೆಲ್ಬರ್ಟನ ಕಡೆ ಒಮ್ಮೆಯೂ ಚಾಚಿರಲಿಲ್ಲ. ಹೇಗೆ ಚಾಚೀತು? ಅವನ ಜೇಬಿನಲ್ಲಿದ್ದದ್ದು ಉಗುರು ಕತ್ತರಿಸುವ ಕಟರ್.

‘ಇವತ್ತು ಆದದ್ದಾಗಲಿ’ ಎಂದುಕೊಂಡು ಅವನು ಎದುರಿನ ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದ. ಜೇಬಿನಲ್ಲಿ ನಲವತ್ತು ಡಾಲರ್ ಇತ್ತು. ಅಂಗಡಿಯೊಡತಿ ಮೇವಿಸ್ ಗಾಜಿನ ಪೆಟ್ಟಿಗೆ ತೆರೆಯುವ ಮೊದಲೇ, ಕಾಫಿ ಹೀರುತ್ತ ಕೂತಿದ್ದ ಪಕ್ಕದ ಮನೆಯ ಕ್ಲೀಟಸ್ ಹಾಜರಾದ. ಕ್ಲೀಟಸ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಊರನ್ನೇ ಓಡಿಸುತ್ತಿದ್ದ.

“ಹಿಡಿ ನೋಡ್ಬೇಡ, ಉಕ್ಕು ನೋಡು,” ಅಂದ ಕ್ಲೀಟಸ್. “ಅಲಗು ಐದಿಂಚಾದ್ರೂ ಇರ್ಲಿ. ಕರಡಿಗಿರಡಿ ಬಂದ್ರೆ?”

“ಕರಡಿಗೆ ಇವನು ಚಾಕು ತೋರಿಸ್ತಾನಾ? ಸುಮ್ನಿರಪ್ಪ,” ಅಂದಳು ಮೇವಿಸ್. “ನೋಡು ಡೆಲ್ಬರ್ಟ್, ದಿನಾ ಜೇಬಲ್ಲಿರೋ ಚಾಕು ಹಗುರ ಇರ್ಬೇಕು, ಒಂದೇ ಕೈಯಲ್ಲಿ ಬಿಚ್ಕೋಬೇಕು, ಕಳೆದ್ರೆ ಅಳು ಬರ್ಬಾರ್ದು. ಇನ್ನೂರು ಡಾಲರಿಂದು ತಗೊಂಡ್ರೆ ಚೀಲ ಕೊಯ್ಯೋಕೂ ಮನಸ್ಸು ಬರಲ್ಲ. ಇದು ನೋಡು, ಇಪ್ಪತ್ತಾರು.”

ಕಿತ್ತಳೆ ಬಣ್ಣದ ಹಿಡಿ, ಮೂರಿಂಚಿನ ಅಲಗು, ಜೇಬಿಗೆ ಸಿಕ್ಕಿಸಲು ಕ್ಲಿಪ್ಪು. ಡೆಲ್ಬರ್ಟನಿಗೆ ನೋಡಿದ ಕೂಡಲೇ ಹಿಡಿಸಿಬಿಟ್ಟಿತು.

“ಮಡಚೋದು ಹೇಗೆ ಅಂತ ಹೇಳ್ಕೊಡ್ಲಾ? ಇದಕ್ಕೆ ಒಳಗಡೆ ಒಂದು…” ಎಂದು ಮೇವಿಸ್ ಶುರುಮಾಡಿದಳು.

ಕ್ಲೀಟಸ್ ಕಿಸಕ್ಕೆಂದ. ಡೆಲ್ಬರ್ಟನ ಕಿವಿ ಕೆಂಪಾಯಿತು. “ನನಗಾ? ಚಾಕು ಮಡಚೋದು ನನಗೆ ಹೇಳ್ಕೊಡ್ತೀಯಾ?” ಎಂದವನೇ ಹೆಬ್ಬೆರಳಿನಿಂದ ಅಲಗನ್ನು ತಳ್ಳಿದ. ಟಕ್! ಆಹಾ, ಎಂಥಾ ಸದ್ದು! ಡೆಲ್ಬರ್ಟ್ ಅರ್ಧ ಇಂಚು ಎತ್ತರವಾದ.

ಆಮೇಲೆ ಅದರ ಬೆನ್ನು ಒತ್ತಿದ. ಮಡಚಲಿಲ್ಲ. ತೊಡೆಗೆ ಆನಿಸಿ ಒತ್ತಿದ. ಊಹೂಂ.

ಈಗ ಕಾಪರ್ ಫೋರ್ಕ್‌ನ ಕಟ್ಟಳೆಯೊಂದನ್ನು ಹೇಳಬೇಕು. ಚಾಕು ಬಿಚ್ಚಿದವನೇ ಮಡಚಬೇಕು. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ಮಡಚಿದರೆ ಇಬ್ಬರ ಮನೆಗೂ ಕೇಡು. ಬಿಚ್ಚಿ ಕೊಟ್ಟ ಚಾಕುವನ್ನು ಬಿಚ್ಚಿದ ಹಾಗೇ ಹಿಂದಿರುಗಿಸಬೇಕು. ಈ ಕಟ್ಟಳೆಯ ಕಾವಲಿಗೆ ಹಾಯ್ಟ್ ಮಾವನಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ. ಹಾಗಾಗಿ ಯಾರ ಕೈಗೂ ಕೊಡುವಂತಿಲ್ಲ. ಮೇವಿಸ್‌ಳನ್ನು ಕೇಳೋಣವೆಂದರೆ ಈಗಷ್ಟೇ ಜಂಭ ಕೊಚ್ಚಿ ಆಗಿದೆ.

“ಮಡಚಲ್ವೇನೋ?” ಅಂದ ಕ್ಲೀಟಸ್.

“ಕೆಲಸ ಇರೋ ಗಂಡಸು ಯಾಕಪ್ಪ ಮಡಚ್ತಾನೆ?” ಎಂದು ಡೆಲ್ಬರ್ಟ್ ದುಡ್ಡು ಎಣಿಸಿಟ್ಟು, ಚಾಕುವನ್ನು ದೀಪದ ಹಾಗೆ ಮುಂದೆ ಹಿಡಿದುಕೊಂಡು ರಸ್ತೆ ದಾಟಿದ.

ತನ್ನ ಅಂಗಡಿಯ ಹಿಂದೆ, ಚೀಲಗಳ ಮರೆಯಲ್ಲಿ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಗೋಡೆಗೆ ಒತ್ತಿದ, ಕಂಬಕ್ಕೆ ಒತ್ತಿದ, ಬೇಡಿಕೊಂಡ, ಬೈದ. ಕೊನೆಗೆ ಒಂದು ಚೀಲಕ್ಕೆ ಆನಿಸಿ ಒತ್ತುವಾಗ ಕೈ ಜಾರಿತು. ಚೀಲ ಮೇಲಿಂದ ಕೆಳಗೆ ಸೀಳಿ, ಅರ್ಧ ಕ್ವಿಂಟಾಲ್ ಕೋಳಿ ಆಹಾರ ಅವನ ಮೊಣಕಾಲವರೆಗೆ ಸುರಿಯಿತು. ಸರಿಯಾಗಿ ಆಗಲೇ ಕ್ಲೀಟಸ್ ಇಣುಕಬೇಕೇ?

“ಅಬ್ಬಬ್ಬಾ! ಒಂದೇ ಏಟಿಗೆ! ಏನು ಹರಿತ ಕಣಪ್ಪಾ!”

ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಹಗ್ಗ ಕೊಯ್ಯಲು ಬಂದರು, ಪೆಟ್ಟಿಗೆ ಬಿಚ್ಚಲು ಬಂದರು, ಚರ್ಚಿನ ಹೆಂಗಸರು ತೋರಣದ ದಾರ ಹಿಡಿದು ಬಂದರು. ಬೇರೆಯವರು ಜೇಬು ತಡಕುವಷ್ಟರಲ್ಲಿ ಡೆಲ್ಬರ್ಟನ ಚಾಕು ಕೆಲಸ ಮುಗಿಸಿರುತ್ತಿತ್ತು. “ಸದಾ ಸಿದ್ಧ ನೋಡಿ ನಮ್ಮ ಡೆಲ್ಬರ್ಟ್” ಎಂದರು. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡಿಗೆ ಅಲಗನ್ನು ಚುಚ್ಚಿ, ಬೆಂಡಿನ ಸಮೇತ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವನು ಮದುಮಗನ ಹಾಗೆ ಓಡಾಡಿದ. ಹಾಯ್ಟ್ ಮಾವ ಕೂಡ ಬಂದು ಎರಡು ನಿಮಿಷ ನಿಂತು ನೋಡಿದರು. ಆಮೇಲೆ ರಸ್ತೆ ದಾಟಿ ಹೋದರು.

ಸಂಜೆ ಊಟದ ಮೇಜಿನ ಸುತ್ತ ಕ್ಲೀಟಸ್ ಸೇರಿ ಹದಿನೆಂಟು ಜನ. ಜೂನ್ ತಿಂಗಳ ಸೆಕೆಯಲ್ಲೂ ಮಾವ ಕೋಟು ಬಿಚ್ಚಿರಲಿಲ್ಲ. ಹಂದಿಯ ತೊಡೆ ಹಬೆಯಾಡುತ್ತ ಬಂತು. ಮಾವ ಒಬ್ಬೊಬ್ಬರನ್ನೇ ನೋಡುತ್ತ ಬಂದು ಕೈ ಚಾಚಿದರು.

“ಡೆಲ್ಬರ್ಟ್, ನಿನ್ನ ಚಾಕು ಕೊಡಯ್ಯ.”

ಹೆಂಡತಿ ವರ್ನಾಳ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷ! ಡೆಲ್ಬರ್ಟ್ ಬೆಂಡು ಕಿತ್ತು ಚಾಕು ಕೊಟ್ಟ. ಮಾಂಸ ಬೆಣ್ಣೆಯಂತೆ ಕೊಯ್ದುಕೊಂಡಿತು. ಮಾವ ಅಲಗನ್ನು ಒರೆಸಿ, ಕಟ್ಟಳೆಯಂತೆ ಬಿಚ್ಚಿದ ಹಾಗೇ ಹಿಂದಿರುಗಿಸಿ, ಅವನ ಕೈಯನ್ನೇ ನೆಟ್ಟ ನೋಟದಿಂದ ನೋಡುತ್ತ ಕೂತರು. ಡೆಲ್ಬರ್ಟ್ ಚಾಕುವನ್ನು ಮತ್ತೆ ಬೆಂಡಿಗೆ ಚುಚ್ಚಿದ. ಮಾವನ ಮುಖ ಇಳಿದುಹೋಯಿತು.

ಊಟವಾದ ಮೇಲೆ ಅವರು ಅಳಿಯನನ್ನು ಜಗಲಿಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಅತ್ತಿತ್ತ ನೋಡಿ ಕೋಟಿನ ಒಳಜೇಬಿನಿಂದ ಒಂದು ಆಲೂಗೆಡ್ಡೆ ತೆಗೆದರು. ಆಲೂಗೆಡ್ಡೆಯಿಂದ ಕಿತ್ತಳೆ ಬಣ್ಣದ ಹಿಡಿಯೊಂದು ಹೊರಚಾಚಿತ್ತು.

“ಮಧ್ಯಾಹ್ನ ಎರಡು ಗಂಟೆಯಿಂದ ಹೀಗೇ ಇದೆ ಕಣೋ,” ಎಂದರು ಪಿಸುದನಿಯಲ್ಲಿ. “ಊರೆಲ್ಲ ನಿನ್ನ ಹೊಗಳ್ತಿದ್ರಲ್ಲ, ನಾನೂ ಒಂದು ತಗೊಂಡೆ. ಮೇವಿಸ್ ಹೇಳ್ಕೊಡ್ಲಾ ಅಂದ್ಲು. ನನಗಾ? ಅಂದ್ಬಿಟ್ಟೆ. ನನ್ನ ಹಳೇದು ಬೆನ್ನು ಒತ್ತಿದ್ರೆ ಸಾಕು, ಮಡಚ್ಕೊಳ್ಳೋದು. ನೀನು ಹೇಗೆ ಮಡಚ್ತೀಯ ಅಂತ ನೋಡೋಣ ಅಂತ್ಲೇ ಒಳಗೆ ನಿನ್ನ ಚಾಕು ಕೇಳಿದ್ದು.”

ಡೆಲ್ಬರ್ಟ್ ಬೆಂಡನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದ. “ಅದಕ್ಕಾ ಕೇಳಿದ್ದು?”

“ಮತ್ತಿನ್ನೇನು? ಬೇಗ ಮಡಚಿ ತೋರ್ಸು.”

“ನನಗೂ ಬರಲ್ಲ ಮಾವ.”

ಮಾವ ಅಳಿಯ ಇಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕೂತರು. ಒಬ್ಬರ ಕೈಯಲ್ಲಿ ಬೆಂಡು, ಒಬ್ಬರ ಕೈಯಲ್ಲಿ ಆಲೂಗೆಡ್ಡೆ.

“ಸೋಮವಾರ ಅಂಗಡಿ ತೆಗೆದ ಕೂಡ್ಲೇ ಹೋಗಿ ಮೇವಿಸ್‌ನ ಕೇಳ್ಕೊಂಡು ಬಾ,” ಎಂದರು ಮಾವ ಕೊನೆಗೆ.

“ಕ್ಲೀಟಸ್ ಎದುರಿಗಾ? ನೀವೇ ಕೇಳಬಹುದಲ್ಲ ಮಾವ?”

“ನಾನಾ? ನಂದು ಎಂಬತ್ತು ವರ್ಷದ ಮರ್ಯಾದೆ ಕಣಯ್ಯ! ನಿಂದು ಇವತ್ತು ಬೆಳಿಗ್ಗೆ ಬಂದದ್ದು. ಇನ್ನೂ ಅಭ್ಯಾಸ ಆಗಿರಲ್ಲ, ಹೋದ್ರೂ ಗೊತ್ತಾಗಲ್ಲ.”

ಅಷ್ಟರಲ್ಲಿ ಒಳಗಿನಿಂದ ಕ್ಲೀಟಸ್ ಕೂಗಿದ: “ಡೆಲ್ಬರ್ಟ್, ಎಲ್ಲಿದ್ದೀಯೋ? ಕೇಕು ಕೊಯ್ಯೋಕೆ ನಿನ್ನ ಚಾಕೇ ಬೇಕಂತೆ!”

ಡೆಲ್ಬರ್ಟ್ ಅಂಗಿ ಸರಿಮಾಡಿಕೊಂಡು, ಬೆಂಡು ಕಿತ್ತು, ಎದೆಯುಬ್ಬಿಸಿ ಒಳಗೆ ನಡೆದ. ಅವತ್ತು ಇನ್ನೂ ಶನಿವಾರ.