ಅಲ್ಲಾಡದ ಮನುಷ್ಯನೂ ಕೆಂಗೊರಳ ಹಕ್ಕಿಯೂ

ಊರಿನವರ ಕಣ್ಣಿಗೆಲ್ಲ ಲೋಕವನ್ನು ಸ್ಪಷ್ಟ ಮಾಡಿಕೊಡುತ್ತಿದ್ದ ಕನ್ನಡಕದಂಗಡಿಯ ಯಜಮಾನ ಒಂದು ಹಕ್ಕಿಯ ಫೋಟೊವನ್ನೂ ಸ್ಪಷ್ಟವಾಗಿ ತೆಗೆದವನಲ್ಲ. ಆರು ವರ್ಷದಲ್ಲಿ ಅವನ ಕ್ಯಾಮೆರಾಕ್ಕೆ ಸಿಕ್ಕಿದ್ದು ಬಾಲಗಳು, ಆಗಷ್ಟೇ ಖಾಲಿಯಾದ ಕೊಂಬೆಗಳು, ಮತ್ತೆ ಒಂದು ಸಲ, ಬಹಳ ಚೆನ್ನಾಗಿ, ಅವನದೇ ಹೆಬ್ಬೆರಳು. ಪಕ್ಷಿಸಂಘದ ಕಾರ್ಯದರ್ಶಿ ಪ್ರತಿ ವರ್ಷವೂ ಅವನ ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ವಾಪಸ್ಸು ಕೊಡುತ್ತಿದ್ದ.

"ನೀವು ಅಲ್ಲಾಡ್ತೀರಿ ಸಾರ್. ಎಷ್ಟು ಸುಮ್ನೆ ಕೂರಬೇಕು ಅಂದ್ರೆ, ನೀವು ಮನುಷ್ಯ ಅನ್ನೋದೇ ಹಕ್ಕಿಗೆ ಮರೆತುಹೋಗಬೇಕು."

ಈ ವರ್ಷ ಮಾತ್ರ ಸೋತರೆ ಉಳಿಗಾಲವಿರಲಿಲ್ಲ. ಹೆಂಡತಿ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದಳು: "ಈ ಸಲವೂ ಸಂಘದ ಗೋಡೆ ಮೇಲೆ ನಿಮ್ಮ ಫೋಟೊ ಬರದಿದ್ರೆ ಕ್ಯಾಮೆರಾ ಅಟ್ಟಕ್ಕೆ. ಭಾನುವಾರ ನನ್ನ ಜೊತೆ ಅಕ್ಕನ ಮನೆಗೆ." ಅಕ್ಕನ ಮನೆ ಎಂದರೆ ಷಡ್ಡಕ. ಷಡ್ಡಕ ಎಂದರೆ ಅವನ ಪಿತ್ತಕೋಶದ ಆಪರೇಷನ್ ಕತೆ. ಕತ್ತರಿಸಿದ ಜಾಗವನ್ನು ಅಂಗಿ ಎತ್ತಿ ತೋರಿಸಿ, ಕಲ್ಲುಗಳ ಗಾತ್ರವನ್ನು ಬೆರಳಲ್ಲಿ ಅಳೆದು, ಊಟದ ಹೊತ್ತಿನವರೆಗೂ ಹೇಳುವ ಕತೆ. ಇವನು ಹಕ್ಕಿ ಹಿಂದೆ ಬಿದ್ದದ್ದೇ ಆ ಕತೆಯಿಂದ ತಪ್ಪಿಸಿಕೊಳ್ಳಲು ಎಂಬುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

ಫೋಟೊ ಕೊಡಲು ಕೊನೆಯ ದಿನ, ಸಂಜೆ ಐದೇ ಗಡುವು. ಅವತ್ತೇ ಬೆಳಿಗ್ಗೆ ಹಲ್ಲುಜ್ಜುತ್ತ ಕಿಟಕಿಯಲ್ಲಿ ನೋಡಿದರೆ, ಕಟ್ಟಡದ ಹಿತ್ತಲಿನ ಪಂಪ್‌ಶೆಡ್ಡಿನ ಪಕ್ಕ ಕೆಂಗೊರಳ ನೊಣಹಿಡುಕ! ಗುಬ್ಬಿಗಿಂತ ಚಿಕ್ಕದು, ಕೊರಳಲ್ಲಿ ಮಾತ್ರ ಕೆಂಡದ ಬಣ್ಣ. ಎಲ್ಲಿಂದಲೋ ಬಂದು ನಾಲ್ಕು ದಿನ ಇದ್ದು ಹೋಗುವ ಆ ಅತಿಥಿಯ ಫೋಟೊ ಸಂಘದ ಯಾರ ಬಳಿಯೂ ಇರಲಿಲ್ಲ. ಅವನು ಬಾಯಿಯ ನೊರೆಯನ್ನೂ ಪೂರ್ತಿ ಉಗುಳದೆ ಕ್ಯಾಮೆರಾ ಎತ್ತಿಕೊಂಡು ಓಡಿದ. ಅಂಗಡಿಯ ಬಾಗಿಲು ಅವತ್ತು ತೆರೆಯಲೇ ಇಲ್ಲ.

ಗೋಡೆ ಬದಿಯಲ್ಲಿ ಬಕೆಟ್ ಬೋರಲು ಹಾಕಿ, ಮಣ್ಣುಬಣ್ಣದ ಹಳೆ ಹೊದಿಕೆ ಮುಸುಕಿಕೊಂಡು, ಟೋಪಿಗೆ ನಾಲ್ಕು ಒಣಕಡ್ಡಿ ಸಿಕ್ಕಿಸಿ ಕೂತ. ಅರ್ಧ ಗಂಟೆಗೆ ಹಕ್ಕಿ ಹತ್ತಿರ ಬಂತು. ಇನ್ನೇನು ಬಟನ್ ಒತ್ತಬೇಕು, ಮೂರನೇ ಮಹಡಿಯಿಂದ ನಿವೃತ್ತ ಹೆಡ್‌ಮೇಷ್ಟ್ರು ಕೋಲು ಬೀಸಿದರು.

"ಯಾರ್ರೀ ಅಲ್ಲಿ ಹಿತ್ತಲಲ್ಲಿ ಮೂಟೆ ಎಸೆದಿರೋದು?"

ಮೂಟೆ ಕೈಯೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿತು. ಹಕ್ಕಿ ಹಾರಿತು.

ಎರಡನೇ ಸಲ ಹಕ್ಕಿ ಬರುವಷ್ಟರಲ್ಲಿ ಕೆಳಮನೆಯ ಟೈಲರಮ್ಮ ಬಂದಳು. "ಅಂಗಡಿ ಯಾಕೆ ತೆಗೆದಿಲ್ಲ ಅಂತ ನೋಡಿದ್ರೆ ಇಲ್ಲಿದೀರ! ನೋಡಿ, ಈ ಕನ್ನಡಕ ಮೂಗು ಒತ್ತುತ್ತೆ."

"ಆಮೇಲೆ ಅಮ್ಮಾ," ಅವನು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ.

"ಸುಮ್ನೆ ಕೂತಿದೀರಲ್ಲ, ಈಗಲೇ ನೋಡಿ!" ಎಂದು ಅವಳು ಕನ್ನಡಕವನ್ನು ಅವನ ಮೂಗಿಗೇ ಏರಿಸಿದಳು. ಹಕ್ಕಿ ಮತ್ತೆ ಹಾರಿತು.

ಸುದ್ದಿ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಬಾಲ್ಕನಿಗಳೆಲ್ಲ ಭರ್ತಿ. ಮೇಷ್ಟ್ರು ಮೇಲಿನಿಂದ ಹಕ್ಕಿಗಳ ಬಗ್ಗೆ ತಮಗೆ ಗೊತ್ತಿಲ್ಲದ್ದನ್ನೆಲ್ಲ ವಿವರಿಸುತ್ತಿದ್ದರು. ಇರುವೆಯೊಂದು ಅವನ ಹಿಮ್ಮಡಿಯಿಂದ ಹೊರಟು ಮೊಣಕಾಲು ದಾಟಿತ್ತು. ಅವನಿಗೆ ಅಳುವೇ ಬಂದಂತಾಯಿತು. ಆದರೂ ಹಲ್ಲು ಕಚ್ಚಿ ಕೂತ. ಆರು ವರ್ಷದಲ್ಲಿ ಮೊದಲ ಸಲ ನಿಜವಾಗಿ ಅಲ್ಲಾಡದೆ ಕೂತ.

ಆಗ ತಲೆಯ ಮೇಲೆ ಏನೋ ಹಗುರಾಗಿ ಇಳಿಯಿತು.

ಬಾಲ್ಕನಿಗಳು ಒಮ್ಮೆಲೇ ಮೌನವಾದವು. "ಅಲ್ಲಾಡ್ಬೇಡಿ! ನಿಮ್ಮ ಟೋಪಿ ಮೇಲೇ ಕೂತಿದೆ!" ಎಂದು ಮೇಷ್ಟ್ರು ಜೀವಮಾನದಲ್ಲೇ ಮೊದಲ ಸಲ ಪಿಸುಗುಟ್ಟಿದರು. ಹಕ್ಕಿ ಒಣಕಡ್ಡಿ ಹಿಡಿದು ಕೂತಿತ್ತು. ಹಾರಿ ನೊಣ ಹಿಡಿಯುವುದು, ತಿರುಗಿ ಬಂದು ಅದೇ ಕಡ್ಡಿಯ ಮೇಲೆ ಕೂರುವುದು. ಮಹಡಿ ಮಹಡಿಯ ಮೊಬೈಲುಗಳೂ ಕ್ಲಿಕ್ ಕ್ಲಿಕ್ ಎಂದವು. ಅವನು ಬಸವನಹುಳುವಿನಷ್ಟು ನಿಧಾನವಾಗಿ ಕ್ಯಾಮೆರಾವನ್ನು ತನ್ನ ಕಡೆಗೇ ತಿರುಗಿಸಿದ. ಏನು ಪ್ರಯೋಜನ? ಆ ಉದ್ದನೆಯ ಲೆನ್ಸಿಗೆ ಮೂರು ಮೀಟರಿಗಿಂತ ಹತ್ತಿರದ್ದು ಕಾಣದು. ನಲವತ್ತು ದಾಟಿದ ಊರಿನ ಕಣ್ಣುಗಳ ಚಾಳೀಸಿಗೆಲ್ಲ ಮದ್ದು ಕೊಟ್ಟವನು ತನ್ನ ಲೆನ್ಸಿನ ಚಾಳೀಸಿಗೆ ಏನೂ ಮಾಡಲಾರದೆ ಕೂತ. ಹನ್ನೆರಡು ನಿಮಿಷ ಕೂತಿದ್ದ ಹಕ್ಕಿ ಟೋಪಿಯ ಮೇಲೆ ತನ್ನ ಗುರುತು ಬಿಟ್ಟು ಹೊರಟುಹೋಯಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಬರಿಗೈಯಲ್ಲಿ ಸಂಘಕ್ಕೆ ಹೋದರೆ, ಗೋಡೆಯ ನಟ್ಟನಡುವೆ ಹಕ್ಕಿಯ ರೆಕ್ಕೆಪುಕ್ಕವನ್ನೂ ಎಣಿಸಬಹುದಾದ ಫೋಟೊ ತೂಗುತ್ತಿತ್ತು. ಕೆಳಗೆ "ಒಣ ಬೊಡ್ಡೆಯ ಮೇಲೆ ಕೆಂಗೊರಳ ನೊಣಹಿಡುಕ" ಎಂಬ ಚೀಟಿ. ಪಕ್ಕದಲ್ಲಿ ಅವನ ಹೆಂಡತಿ, ಎದೆಗೆ ಸಂಘದ ಹೊಸ ಬಿಲ್ಲೆ.

"ಪಾಪ, ನಿಮ್ಮಿಂದಂತೂ ಆಗಲ್ಲ ಅಂತ ನಾನೇ ಮೊಬೈಲಲ್ಲಿ ತೆಗೆದು ಕಳಿಸಿದೆ," ಎಂದಳು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಅದು ಬೊಡ್ಡೆ ಅಲ್ಲ ಸಾರ್, ನಮ್ಮ ಮನೆಯವರು."

ಕಾರ್ಯದರ್ಶಿಗೆ ನಾಚಿಕೆಯಾಗಲಿಲ್ಲ, ಹಿಗ್ಗಾಯಿತು. "ಹಾಗಾದ್ರೆ ಈ ಬೊಡ್ಡೆನ ಬೇಕಾದ ಕಡೆ ಇಟ್ಕೋಬಹುದು! ಸಾರ್, ಪ್ರತಿ ಭಾನುವಾರ ನೀವು ಕೂರಬೇಕು. ನಾವೆಲ್ಲ ಸುತ್ತ ನಿಂತು ತೆಗೀತೀವಿ. ಇಷ್ಟು ಚೆನ್ನಾಗಿ ಅಲ್ಲಾಡದೆ ಕೂರೋರು ಎಲ್ಲಿ ಸಿಗ್ತಾರೆ?"

ಅವನ ಮಾನ ಹೋಯಿತು, ನಿಜ. ಆದರೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಪ್ರತಿ ಭಾನುವಾರ! ಬೊಡ್ಡೆಯಾದರೇನು, ಷಡ್ಡಕನಿಂದ ಪಾರಾದಂತಾಯಿತಲ್ಲ!

"ಆಗಲಿ, ಸಂಘದ ಕೆಲಸ ಅಂದ್ಮೇಲೆ ಇಲ್ಲ ಅನ್ನೋಕಾಗುತ್ತ?" ಎಂದು ದೊಡ್ಡ ಮನಸ್ಸು ಮಾಡಿದ.

ಹೆಂಡತಿ ಆಗಲೇ ಫೋನಿನಲ್ಲಿದ್ದಳು. ಇಟ್ಟು, ಮುಖವರಳಿಸಿ ಬಂದಳು. "ಅಕ್ಕನಿಗೆ ಹೇಳಿದೆ. ಇನ್ಮೇಲೆ ಭಾನುವಾರ ನಾವು ಹೋಗೋದು ಬೇಡ, ಅವರೇ ಬರ್ತಾರಂತೆ. ಭಾವ ಅಂದ್ರು, ಪಾಪ, ಒಬ್ಬರೇ ಕೂತು ಬೇಜಾರಾಗುತ್ತೆ, ನಾನು ಪಕ್ಕದಲ್ಲೇ ಕೂತು ಮಾತಾಡ್ತಿರ್ತೀನಿ ಅಂತ."

ಅವನು ಆಸೆಗಣ್ಣಿನಿಂದ ಕಾರ್ಯದರ್ಶಿಯ ಮುಖ ನೋಡಿದ. "ಮಾತಾಡಿದ್ರೆ ಹಕ್ಕಿ ಹಾರಿಹೋಗುತ್ತಲ್ವ ಸಾರ್?"

"ಏನೂ ಆಗಲ್ಲ," ಕಾರ್ಯದರ್ಶಿ ಭರವಸೆ ಕೊಟ್ಟ. "ಮೆಲ್ಲಗೆ ಮಾತಾಡಿದ್ರೆ ಹಕ್ಕಿ ಹೆದರಲ್ಲ. ಅವರು ಎಷ್ಟು ಹೊತ್ತು ಬೇಕಾದ್ರೂ ಹೇಳ್ಲಿ. ನೀವು ಮಾತ್ರ ಎದ್ದು ಹೋಗಬಾರದು."