ಹತ್ತು ಆಂಪ್ಸಿನ ಫ್ಯೂಸು, ಒಂದು ನಿಂಬೆಹಣ್ಣು

ಬೈಕಿನಲ್ಲಿ ಬ್ಯಾಟರಿ ಅಂತ ಒಂದು ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಬರೆದಿಟ್ಟುಕೊಳ್ಳುತ್ತೇನೆ, ಅಷ್ಟೇ.

ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿ ಗೋವಿಂದರಾಜನಗರದ ಒಂದು ಬೈಕ್ ವೈರಿಂಗ್ ಅಂಗಡಿಗೆ ಸೇರಿದ್ದೇನೆ. ಯಜಮಾನರು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಬಿಎಸ್ಸಿ’ ಅನ್ನುತ್ತಾರೆ. ಮೊದಲ ದಿನವೇ ನಿಯಮ ಹೇಳಿದರು: “ಒಂದೇ ಕಂಪ್ಲೇಂಟ್‌ಗೆ ಗಾಡಿ ಮೂರು ಸಲ ವಾಪಸ್ ಬಂತು ಅಂದ್ರೆ, ಅದಕ್ಕೆ ವೈರ್ ಎಳೆದೋನು ಆಮೇಲೆ ವೈರ್ ಮುಟ್ಟೋ ಹಾಗಿಲ್ಲ. ಸೀಟ್ ಕವರ್ ಹೊಲ್ಕೊಂಡು ಕೂತ್ಕೋಬೇಕು.”

ನನಗೆ ಹೊಲಿಗೆ ಬರುವುದಿಲ್ಲ.

1. ಗಟ್ಟಿ ಫ್ಯೂಸು

ಫ್ಯೂಸ್ ಅಂದರೆ ತೆಳುವಾದ ಒಂದು ಲೋಹದ ಎಳೆ. ಮಿತಿ ಮೀರಿ ಕರೆಂಟ್ ಹರಿದರೆ ಮೊದಲು ಅದು ಕರಗಿ ದಾರಿ ಕಡಿದುಹಾಕುತ್ತದೆ. ಉಳಿದ ವೈರು ಬದುಕಿಕೊಳ್ಳುತ್ತದೆ. ಇಷ್ಟೇ ವಿಷಯ.

ಅನ್ನಪೂರ್ಣೇಶ್ವರಿ ನಗರದಿಂದ ಒಬ್ಬ ಹಿರಿಯರು ಸ್ಕೂಟರ್ ತಳ್ಳಿಸಿಕೊಂಡು ಬಂದರು. ಅವರಿಗಿಂತ ಮೊದಲು ಸುಟ್ಟ ವಾಸನೆ ಬಂತು. ಫ್ಯೂಸ್ ಬಾಕ್ಸ್ ತೆಗೆದೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ನೀಟಾಗಿ ನಾಲ್ಕು ಮಡಿಕೆ.

“ಇದನ್ನ ಯಾರು ಹಾಕಿದ್ದು ಸಾರ್?”

“ನಾನೇ. ಅಂಗಡಿಯೋರು ಕೊಡೋದು ಎರಡು ದಿನಕ್ಕೇ ಹೋಗ್ತಿತ್ತು.”

ಮುಂದಿನ ಕವರ್ ಬಿಚ್ಚಿದೆ. ಏಳು ವೈರುಗಳು ಕರಗಿ ಒಂದಾಗಿದ್ದವು. ಹಿರಿಯರು ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು. ಆಮೇಲೆ ಫ್ಯೂಸ್ ಬಾಕ್ಸ್ ನೋಡಿದರು. ಮುಖ ಅರಳಿತು.

“ನೋಡಪ್ಪಾ, ಇಷ್ಟೆಲ್ಲ ಸುಟ್ರೂ ನಾನು ಹಾಕಿದ್ದಕ್ಕೆ ಒಂಚೂರೂ ಏನಾಗಿಲ್ಲ!”

2. ಕಬ್ಬಿಣದ ನಿಂಬೆಹಣ್ಣು

ಲಗ್ಗೆರೆಯಲ್ಲಿ ರೂಮು ಮಾಡಿಕೊಂಡಿರುವ ಡೆಲಿವರಿ ಹುಡುಗನೊಬ್ಬ, ಗದಗದ ಕಡೆಯವನು. ಅವನ ಬೈಕಿಗೆ ಎರಡು ಎಕ್ಸ್‌ಟ್ರಾ ಲೈಟು, ಫೋನ್ ಚಾರ್ಜರು, ಒಂದು ಜೋರು ಹಾರ್ನು ಹಾಕಿದ್ದೆ. ಎಲ್ಲಕ್ಕೂ ಸೇರಿ ಬೇರೆಯದೇ ಒಂದು ಲೈನು, ಅದಕ್ಕೆ ಹತ್ತು ಆಂಪ್ಸಿನ ಫ್ಯೂಸು. ಮೂರನೇ ದಿನ ವಾಪಸ್ ಬಂದ.

“ಫ್ಯೂಸ್ ಹೋತ್ರೀ ಸರ. ಫೋನ್ ಚಾರ್ಜ್ ಆಗವಲ್ದು. ಮ್ಯಾಪ್ ಇಲ್ದ ನಾ ಎಲ್ಲಿ ಹೋಗ್ಲಿ? ನಿಮ್ಮ ಊರಾಗ ಒಂದ ನಂಬರಿನ ಕ್ರಾಸ್ ನಾಕ ಕಡೆ ಅದಾವ.”

ಯಜಮಾನರು ಕೂತಲ್ಲಿಂದಲೇ ಹೇಳಿದರು: “ಮೂವತ್ತರದು ಹಾಕಿ ಕಳ್ಸು.”

“ವೈರ್ ಅಷ್ಟು ತಡೆಯಲ್ಲ ಅಣ್ಣ. ಫ್ಯೂಸ್ ಬದ್ಲು ವೈರ್ ಸುಡುತ್ತೆ.”

“ಪದೇ ಪದೇ ಹೋಗೋದು ಯಾಕೆ ಬೇಕು? ಗಟ್ಟಿಯಾಗಿರೋದು ಹಾಕು.”

ಅವರು ಆಗ ನಿಂಬೆಹಣ್ಣಿಗೆ ತಂತಿ ಪೋಣಿಸುತ್ತಿದ್ದರು. ನಮ್ಮ ಅಂಗಡಿಯಿಂದ ಕೆಲಸ ಮುಗಿದ ಯಾವ ಗಾಡಿಯೂ ಬರಿದಾಗಿ ಹೋಗುವುದಿಲ್ಲ. ಒಂದು ನಿಂಬೆಹಣ್ಣು, ಐದು ಹಸಿಮೆಣಸಿನಕಾಯಿ, ತಂತಿಯಲ್ಲಿ ಪೋಣಿಸಿ ಮುಂದೆ ಕಟ್ಟಿಯೇ ಕಳಿಸುತ್ತಾರೆ. ಗಾಡಿ ವಾಪಸ್ ಬರಬಾರದು ಅಂತ.

“ಅಣ್ಣ, ಅದು ಒಣಗಿದ್ರೆ?”

“ಬಿಸಾಕಿ ಹೊಸದು ಕಟ್ಟೋದು. ದೃಷ್ಟಿ ಎಲ್ಲ ಅದೇ ಎಳ್ಕೊಂಡಿರುತ್ತಲ್ಲ.”

“ಪದೇ ಪದೇ ಯಾಕೆ? ಕಬ್ಬಿಣದ್ದೇ ಒಂದು ಕಟ್ಟಿಬಿಡಿ.”

“ಕಬ್ಬಿಣದ್ದು ದೃಷ್ಟಿ ಎಳ್ಕೊಳಲ್ಲ ಕಣಯ್ಯ…” ಅಂದರು. ಮೆಣಸಿನಕಾಯಿ ಪೋಣಿಸುತ್ತಾ, “ಹತ್ತರದೇ ಹಾಕು.”

ಹುಡುಗ ಇಬ್ಬರನ್ನೂ ನೋಡಿದ. “ಫ್ಯೂಸ್ ಸಣ್ಣದ ಇರ್ಲಿ ಬಿಡ್ರಿ. ನಿಂಬಿಹಣ್ಣರೆ ಸ್ವಲ್ಪ ದೊಡ್ಡದು ಕಟ್ರಿ.”

3. ಕಾರಣ ತಿಳಿದಿಲ್ಲ

ನಾಲ್ಕು ದಿನಕ್ಕೆ ಮತ್ತೆ ಬಂದ. ಬಸವೇಶ್ವರನಗರದಲ್ಲಿ ಯಾರದೋ ಮಸಾಲೆ ದೋಸೆ ಹಿಡಿದುಕೊಂಡು, ಸತ್ತ ಫೋನ್ ಜೇಬಿನಲ್ಲಿಟ್ಟು, ದಾರಿ ಕೇಳುತ್ತಾ ಅಲೆದಿದ್ದ. “ನಾಕ ಮಂದಿ ನಾಕ ದಿಕ್ಕ ತೋರ್ಸಿದ್ರು ಸರ. ಇನ್ನೊಂದ್ ಸಲ ಹಿಂಗಾತಂದ್ರ ಕಂಪನಿಯವ್ರು ನನ್ನ ಐಡಿ ಬಂದ್ ಮಾಡ್ತಾರ.”

ಕೈಗೆ ಅಡ್ಡ ಬರುತ್ತಿದ್ದ ನಿಂಬೆಹಣ್ಣನ್ನು ಬಿಚ್ಚಿ ಪಕ್ಕಕ್ಕಿಟ್ಟು ಕ್ರಮವಾಗಿ ಪರೀಕ್ಷೆ ಶುರು ಮಾಡಿದೆ. ಎಲ್ಲ ಒಟ್ಟಿಗೆ ಹಾಕಿದರೂ ಎಂಟು ಆಂಪ್ಸ್ ದಾಟಲಿಲ್ಲ. ಹ್ಯಾಂಡಲನ್ನು ಎಡಕ್ಕೆ ಮೂವತ್ತು ಸಲ, ಬಲಕ್ಕೆ ಮೂವತ್ತು ಸಲ ತಿರುಗಿಸಿದೆ. ಫ್ಯೂಸ್ ಹೋಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: ಕಾರಣ ತಿಳಿದಿಲ್ಲ.

ಯಜಮಾನರು ಹೊಸ ನಿಂಬೆಹಣ್ಣು ಕಟ್ಟಿ ಬಂದು ಒಂದು ಡಬ್ಬಿ ತೆರೆದು ತೋರಿಸಿದರು.

“ಎರಡಾಯ್ತು ಬಿಎಸ್ಸಿ. ಸೀಟ್ ಕವರ್ ಸೂಜಿ ಇದರಲ್ಲಿರುತ್ತೆ. ನೋಡಿಟ್ಕೋ.”

4. ಅಜ್ಜಿಯ ಸಲಹೆ

ಮೂರನೇ ಸಲ ಬರಲಿ ಅಂತ ಕಾಯುವ ಬದಲು ನಾನೇ ಅವನ ಹಿಂದೆ ಹತ್ತಿ ಕೂತೆ, ಜೇಬಿನಲ್ಲಿ ನಾಲ್ಕು ಫ್ಯೂಸು. ವಿಜಯನಗರದ ಕಡೆಗೆ ಹೊರಟೆವು. ಮೂರನೇ ಹಂಪ್ ಹಾರಿದ ಕೂಡಲೇ ಚಾರ್ಜರಿನ ದೀಪ ಆರಿತು.

“ನಿಲ್ಸಿ. ಏನೂ ಮುಟ್ಟಬೇಡಿ.”

ಇಳಿದು ಬೈಕಿನ ಮುಂದೆ ಮಂಡಿಯೂರಿದೆ. ಹಂಪ್ ಹಾರಿದ ರಭಸಕ್ಕೆ ನಿಂಬೆಹಣ್ಣು ಜೋಲಿ ಹೊಡೆದು, ಅದರ ತಂತಿ ಹಾರ್ನಿನ ಹಿಂದಿನ ಟರ್ಮಿನಲ್‌ಗೆ ಸಿಕ್ಕಿಕೊಂಡಿತ್ತು. ಕೀ ಆನ್ ಇದ್ದಷ್ಟು ಹೊತ್ತೂ ಆ ಟರ್ಮಿನಲ್‌ನಲ್ಲಿ ಕರೆಂಟ್ ಇರುತ್ತದೆ. ತಂತಿಯ ಇನ್ನೊಂದು ತುದಿ ಬೈಕಿನ ಕಬ್ಬಿಣಕ್ಕೆ ಕಟ್ಟಿತ್ತು. ನೇರ ಶಾರ್ಟ್. ಅಂಗಡಿಯಲ್ಲಿ ನಾನು ಕಾರಣವನ್ನೇ ಬಿಚ್ಚಿಟ್ಟು ಕಾರಣ ಹುಡುಕಿದ್ದೆ. ಆ ಟರ್ಮಿನಲ್‌ಗೆ ರಬ್ಬರ್ ಟೋಪಿ ಹಾಕದೆ ಬಿಟ್ಟವನೂ ನಾನೇ.

ಹಾಗೇ ನಿಂಬೆಹಣ್ಣನ್ನು ನೋಡುತ್ತಾ ಇದ್ದೆ. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ನಿಂತರು.

“ಬರೀ ನೋಡ್ತಾ ಕೂತ್ರೆ ದೃಷ್ಟಿ ಹೋಗುತ್ತಾ ಮಗಾ? ಮೂರು ಸಲ ನಿವಾಳಿಸಿ ಬಿಸಾಕು.”

ನಿವಾಳಿಸಲಿಲ್ಲ. ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಹಣ್ಣು ಬಿಸಾಕಿದೆ, ಹೊಸ ಫ್ಯೂಸ್ ಹಾಕಿದೆ. ಅದೇ ಹಂಪನ್ನು ಮೂರು ಸಲ ದಾಟಿದೆವು. ಫ್ಯೂಸ್ ಹೋಗಲಿಲ್ಲ.

“ಅಜ್ಜಿ ಹೇಳಿದ್ದ ಖರೇ ಆತ್ರೀ ಸರ,” ಅಂದ ಹುಡುಗ.

5. ಮೂರನೇ ಸಲ

ಅಂಗಡಿಗೆ ಮರಳಿದಾಗ ಯಜಮಾನರು ಮೂರು ಬೆರಳು ಎತ್ತಿದರು. ನಾನು ತಂತಿಯನ್ನು ಮೇಜಿನ ಮೇಲಿಟ್ಟೆ. ತುದಿ ಕಪ್ಪಾಗಿತ್ತು.

“ಟರ್ಮಿನಲ್‌ಗೆ ಟೋಪಿ ಹಾಕ್ದೇ ಇದ್ದಿದ್ದು ನನ್ನ ತಪ್ಪು ಅಣ್ಣ. ಇದು ಹಾರಿ ಅದಕ್ಕೆ ತಗುಲ್ತಿತ್ತು.”

ಗಾಡಿ ವಾಪಸ್ ಬರಬಾರದು ಅನ್ನುವ ಒಂದೇ ಆಸೆಯಿಂದ ವರ್ಷಗಟ್ಟಲೆ ನಿಂಬೆಹಣ್ಣು ಕಟ್ಟುತ್ತಾ ಬಂದ ಕೈ ಯಜಮಾನರದು. ಮೂರು ಸಲವೂ ತಾನು ಸುಟ್ಟುಹೋಗಿ ಬೈಕು ಉಳಿಸಿದ್ದು ಫ್ಯೂಸು. ಬೈಗುಳ ತಿಂದದ್ದೂ ಅದೇ.

ಅವರು ತಂತಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಇದು ನಾನೆಳೆದ ವೈರು,” ಅಂದರು. ಟೆಸ್ಟರನ್ನು ನನ್ನ ಕೈಗಿಟ್ಟು, ಸೂಜಿ ಡಬ್ಬಿ ತೆಗೆದುಕೊಂಡು ಸೀಟ್ ಕವರ್ ಹೊಲಿಯಲು ಕೂತರು.

ನಾನು ರಬ್ಬರ್ ಟೋಪಿ ಹಾಕಿದೆ. ಹುಡುಗ ಬೈಕ್ ಸ್ಟಾರ್ಟ್ ಮಾಡಿದ.

“ನಿಲ್ಲಪ್ಪಾ, ಬರಿಗಾಡಿ ಕಳಿಸಲ್ಲ.” ಯಜಮಾನರು ಹೊಲಿಗೆ ದಾರದಲ್ಲೇ ಹೊಸ ನಿಂಬೆಹಣ್ಣು ಪೋಣಿಸಿ ಕಟ್ಟಿದರು. ಎಳೆದು ನೋಡಿದರು. ಸಮಾಧಾನವಾಗಲಿಲ್ಲ.

“ಬಿಎಸ್ಸಿ, ಇದಕ್ಕೂ ಒಂದು ಫ್ಯೂಸ್ ಹಾಕು.”

“ಎಷ್ಟರದು ಅಣ್ಣ?”

“ಹತ್ತರದೇ ಹಾಕು. ಮೂವತ್ತರದು ಹಾಕಿದ್ರೆ ನಿಂಬೆಹಣ್ಣು ಸುಟ್ಟೋಗುತ್ತೆ.”